ಪಶ್ಚಿಮಘಟ್ಟದ ಕಾಡುಮರಗಳಲ್ಲಿ ಬೀಜಸುಪ್ತಿ ಮತ್ತು ಅಂಕುರಣ

ಪಕ್ವವಾದ ಬೀಜವೊಂದು ನೀರು, ಗಾಳಿ, ತಕ್ಕ ಉಷ್ಣತೆ ಮೂರೂ ಒದಗಿದ್ದರೂ ಮೊಳೆಯದೆ ಉಳಿಯುವ ಸ್ಥಿತಿಯನ್ನು ಸಸ್ಯಶಾಸ್ತ್ರಜ್ಞರು ಬೀಜಸುಪ್ತಿಯೆಂದು ಕರೆಯುತ್ತಾರೆ. ಕಣಜದಲ್ಲಿನ ಭತ್ತ ಮೊಳೆಯದಿರುವುದು ಸುಪ್ತಿಯಲ್ಲ. ಅದಕ್ಕೆ ನೀರಿನ ಕೊರತೆಯಷ್ಟೇ ಕಾರಣ. ಬೇಸಾಯದ ಬೆಳೆಗಳಲ್ಲಿ ಬಿತ್ತಿದೊಡನೆ ಮೊಳೆಯುವ ಗುಣವನ್ನೇ ಮನುಷ್ಯನು ಸಾವಿರಾರು ವರ್ಷ ಆಯ್ದುಕೊಂಡು ಬಂದುದರಿಂದ ಸುಪ್ತಿಯು ಬಹುಮಟ್ಟಿಗೆ ಅಳಿದಿದೆ. ಕಾಡುಗಿಡಗಳ ಮಾತು ಬೇರೆ. ಅಶ್ವಿನಿ, ಭರಣಿ ಮಳೆಗಳಿಗೆ ಒಮ್ಮೆಲೇ ಮೊಳೆತ ಸಸಿಗಳು ಮುಂದಿನ ಬಿಸಿಲಿಗೆ ಒಣಗಿಹೋದರೆ ಆ ವರ್ಷದ ಸಂತಾನವೇ ನಷ್ಟವಾಗುತ್ತದೆ. ಸುಪ್ತಿಯು ಈ ನಷ್ಟವನ್ನು ಹಲವು ಋತುಗಳಿಗೆ ಹಂಚಿ ತಗ್ಗಿಸುತ್ತದೆ.

ಸುಪ್ತಿಯ ಕಾರಣಗಳು ಹಲವು. ಕಕ್ಕೆಯ ಬೀಜದಲ್ಲಿ ತಡೆ ಇರುವುದು ಕವಚದಲ್ಲಿ. ಅದರ ಹೊರಭಾಗದಲ್ಲಿ ಒತ್ತೊತ್ತಾಗಿ ನಿಂತ ಕಂಬದಾಕಾರದ ಕೋಶಗಳು ನೀರನ್ನು ಒಳಬಿಡವು. ಬಿಸಿಲು ತಂಪುಗಳ ಏರಿಳಿತ, ಕಾಡುಕಿಚ್ಚಿನ ಕಾವು, ಸವೆತ ಇವುಗಳಿಂದ ಕವಚ ಸಡಿಲಗೊಂಡ ಮೇಲೆಯೇ ಬೀಜ ಊದಿಕೊಳ್ಳುತ್ತದೆ. ಸಸ್ಯಪಾಲನಾ ಕ್ಷೇತ್ರಗಳಲ್ಲಿ ಬೀಜವನ್ನು ಉಜ್ಜುವುದು, ಬಿಸಿನೀರಿನಲ್ಲಿ ನೆನೆಸುವುದು, ಗಂಧಕಾಮ್ಲದಲ್ಲಿ ಅದ್ದಿ ತೊಳೆಯುವುದು ಇದೇ ಕ್ರಿಯೆಯ ಅನುಕರಣೆ. ಶ್ರೀಗಂಧದಲ್ಲಿ ಭ್ರೂಣದ ಒಳಗಿನ ರಾಸಾಯನಿಕ ಸಮತೋಲವೂ ಸೇರುತ್ತದೆ. ಸಾಮಾನ್ಯವಾಗಿ ಅಬ್ಸಿಸಿಕ್ ಆಮ್ಲವು ಮೊಳಕೆಯನ್ನು ತಡೆದರೆ ಜಿಬ್ಬರೆಲಿನ್ ಪ್ರಚೋದಿಸುತ್ತದೆ. ಸುಮಾರು ಎರಡು ತಿಂಗಳು ಸುಪ್ತವಾಗಿರುವ ಗಂಧದ ಬೀಜವನ್ನು ಶೇ. 0.05ರ ಜಿಬ್ಬರೆಲಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸುವ ಪದ್ಧತಿ ಬಳಕೆಗೆ ಬಂದಿರುವುದು ಇದರಿಂದಲೇ.

ಇವುಗಳಿಗೆ ತೀರ ವಿರುದ್ಧವಾದವು ನಿತ್ಯಹರಿದ್ವರ್ಣ ಕಾಡಿನ ಸಾಲುಧೂಪ ಹಾಗೂ ರಾಮಪತ್ರೆಯ ಬಳಗದ ಮರಗಳು. ಸಾಲುಧೂಪದ ದಪ್ಪ ಬೀಜಗಳು ಮಳೆಗಾಲದ ಆರಂಭದಲ್ಲಿ ಉದುರಿ ಕೆಲವೇ ದಿನಗಳಲ್ಲಿ ಮೊಳೆಯತೊಡಗುತ್ತವೆ, ಒಣಗಿಸಿದರೆ ಸಾಯುತ್ತವೆ. 1973ರಲ್ಲಿ ಇ. ಎಚ್. ರಾಬರ್ಟ್ಸ್ ಬೀಜಗಳನ್ನು ಒಣಗಿಸಿ ಕಾದಿಡಬಹುದಾದವು ಮತ್ತು ಒಣಗುವುದನ್ನು ಸಹಿಸದವು ಎಂದು ವಿಂಗಡಿಸಿದರು. ಈ ವಿಂಗಡಣೆಯ ನಡುವೆ ಬೀಳುವ ಬೀಜಗಳೂ ಇವೆಯೆಂಬುದು ಅನಂತರ ತಿಳಿದುಬಂದಿತು. ಆದರೂ ಸಂರಕ್ಷಣೆಯ ದೃಷ್ಟಿಯಿಂದ ಅದರಷ್ಟು ಉಪಯುಕ್ತವಾದುದು ವಿರಳ.

ಏಕೆಂದರೆ ಬೀಜಭಂಡಾರದ ವಿಧಾನವೆಲ್ಲ ನಿಂತಿರುವುದು ಬೀಜವನ್ನು ಚೆನ್ನಾಗಿ ಒಣಗಿಸಿ ಸುಮಾರು -18 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಡುವುದರ ಮೇಲೆ. ಕಕ್ಕೆಯಂಥ ಮರವನ್ನು ಹೀಗೆ ಉಳಿಸಬಹುದು. ರಾಮಪತ್ರೆ ಜಡ್ಡಿಗಳ ಮರಗಳಿಗೆ ಈ ಆಸರೆ ಇಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇಂತಹ ಜಡ್ಡಿ. ಗೇರಿನ ಕುಟುಂಬಕ್ಕೆ ಸೇರಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಪ್ರಭೇದವನ್ನು 2000ದಲ್ಲಿ ಅಲ್ಲಿಂದಲೇ ವರ್ಣಿಸಲಾಯಿತು. ಇಲ್ಲಿನ ರಾಮಪತ್ರೆ ಬಳಗದ ಬೀಜಗಳ ಕೆಂಪು ಪತ್ರೆಗೆ ಮಂಗಟ್ಟೆ ಹಕ್ಕಿಗಳು ಎರಗುತ್ತವೆ. ಅವು ದೂರ ಒಯ್ದು ಬೀಳಿಸಿದ ಬೀಜಕ್ಕೆ ತೇವದ ನೆಲ ಬೇಗನೆ ಸಿಗಬೇಕು. ಗದ್ದೆಗೋ ಅಡಕೆ ತೋಟಕ್ಕೋ ಜಡ್ಡಿಯ ನೀರನ್ನು ತಿರುಗಿಸಿದಲ್ಲಿ, ಮತ್ತೆ ಚಿಗುರಲು ಮಣ್ಣಿನಲ್ಲಿ ಕಾದಿರುವ ಬೀಜಗಳಿರುವುದಿಲ್ಲ. ಭ್ರೂಣಾಕ್ಷವನ್ನು ಮಾತ್ರ ಬೇರ್ಪಡಿಸಿ ದ್ರವ ಸಾರಜನಕದಲ್ಲಿಡುವ ತಂತ್ರವುಂಟು. ಆದರೆ ಅದನ್ನು ಒಂದೊಂದು ಪ್ರಭೇದಕ್ಕೂ ಬೇರೆಯಾಗಿಯೇ ರೂಪಿಸಬೇಕಾಗುತ್ತದೆ. ಸದ್ಯಕ್ಕೆ ಈ ಮರಗಳ ಬೀಜವನ್ನು ತಾಜಾ ಇರುವಾಗಲೇ ಆರಿಸಿ, ಒದ್ದೆ ಮರಳಿನಲ್ಲಿ ನೆರಳಿಗಿಟ್ಟು ಸಸಿ ಮಾಡಿ, ಅದೇ ಮಳೆಗಾಲದಲ್ಲೋ ಮರುವರ್ಷವೋ ಜಡ್ಡಿಗೆ ಮರಳಿಸುವುದು ಸಾಧ್ಯವಿರುವ ದಾರಿ.