ಅಚ್ಚಿಗೆ ಕೊಡುವ ಮುಂಚೆ ಸ್ವಲ್ಪ ನಿಲ್ಲಿ!

ಹಾಸನ ಜಿಲ್ಲೆಯ ನೆಲದಲ್ಲಿ ಆಲೂಗಡ್ಡೆ, ಕಾಫಿ, ತೆಂಗು ಬೆಳೆದಷ್ಟೇ ಸಲೀಸಾಗಿ ಕಥೆಗಾರರೂ ಬೆಳೆಯುತ್ತಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹೇಮಾವತಿ ದಂಡೆಯವರು. ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದವರು. ಇಂಗ್ಲಿಷಿನಲ್ಲಿ ಬರೆದು ಹೆಸರಾದ ರಾಜಾರಾವ್ ಹುಟ್ಟಿದ್ದು 1908ರಲ್ಲಿ, ಇದೇ ಹಾಸನದಲ್ಲಿ. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಹುಮಾನ ಪಡೆದ ಬಾನು ಮುಷ್ತಾಕ್ ಅವರೂ ಹಾಸನದ ವಕೀಲರೇ.

ಹೀಗಿರುವಾಗ ಬರೆಯುವ ಆಸೆ ಯಾರಿಗೆ ತಾನೆ ಹುಟ್ಟದು? ಅಂಗಡಿ ಬಾಗಿಲು ಹಾಕಿದ ಮೇಲೆ ಗಲ್ಲಾದ ಪಕ್ಕ ಕೂತು ಬರೆಯುವವರಿದ್ದಾರೆ. ಬೇಲೂರು ಬಸ್ಸಿನ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲೇ ಅಧ್ಯಾಯ ಮುಗಿಸುವವರಿದ್ದಾರೆ. ನಿವೃತ್ತ ಮೇಷ್ಟ್ರುಗಳನ್ನಂತೂ ಕೇಳುವುದೇ ಬೇಡ. ತೊಂದರೆ ಇರುವುದು ಬರೆಯುವುದರಲ್ಲಲ್ಲ, ಬರೆದ ಮಾರನೇ ದಿನವೇ ಪ್ರೆಸ್ಸಿಗೆ ಓಡುವುದರಲ್ಲಿ. ಚೀಟಿ ಎತ್ತಿದ ದುಡ್ಡೋ, ಮಗಳ ಮದುವೆಗೆಂದು ಇಟ್ಟದ್ದೋ ಅಚ್ಚಿಗೆ ಹೋಗುತ್ತದೆ. ಸಾವಿರ ಪ್ರತಿ ಬರುತ್ತದೆ. ಬಿಡುಗಡೆ, ಶಾಲು, ಹಾರ, ಕೇಸರಿಬಾತು ಎಲ್ಲಾ ಆಗುತ್ತದೆ. ನೆಂಟರಿಗೆ, ಗೆಳೆಯರಿಗೆ ಹಂಚಿ ಉಳಿದದ್ದು ಮಂಚದ ಕೆಳಗೆ ಸೇರುತ್ತದೆ. ಪೂರ್ತಿ ಓದುವುದು ಗೆದ್ದಲು ಮಾತ್ರ!

"ಜನ ಓದೋದನ್ನೇ ಬಿಟ್ಟವ್ರೆ" ಅಂತ ಆಮೇಲೆ ದೂರು. ಜನ ಓದುವುದು ಬಿಟ್ಟಿಲ್ಲ ಸ್ವಾಮಿ, ಮೂರನೇ ಪುಟಕ್ಕೆ ಪುಸ್ತಕ ಮುಚ್ಚಿದ್ದಾರೆ, ಅಷ್ಟೆ. ಮುಚ್ಚದಂತೆ ಮಾಡುವ ಕೆಲಸ ಅಚ್ಚಿಗೆ ಮುಂಚೆಯೇ ಆಗಬೇಕು. ಅದರ ದಾರಿಯನ್ನು ಈ ಜಿಲ್ಲೆಯ ದೊಡ್ಡವರೇ ತೋರಿಸಿಕೊಟ್ಟಿದ್ದಾರೆ.

ಸೂರ್ಯೋದಯ ಬೇಡ

ಮೊದಲ ಕಾದಂಬರಿ ಬರೆಯುವ ಬಹಳ ಮಂದಿ ಸೂರ್ಯ ಹುಟ್ಟುವುದರಿಂದ ಶುರು ಮಾಡುತ್ತಾರೆ. ಹಕ್ಕಿಯ ಚಿಲಿಪಿಲಿ, ತಂಗಾಳಿ, ಆಮೇಲೆ ನಾಯಕ ಆಕಳಿಸುತ್ತಾ ಏಳುವುದು. ಬಸ್ಸಿನಲ್ಲಿ ಕಂಬಿ ಹಿಡಿದು ಓದುವವನಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಅಣ್ಣತಮ್ಮಂದಿರ ಅಂಗಡಿ ಪಾಲಾಗುವ ಕಥೆಯಾದರೆ, ತಮ್ಮ ಬೇರೆ ಬೀಗ ತಂದು ಹಾಕಿದ ಬೆಳಗಿನಿಂದಲೇ ಶುರುವಾಗಲಿ. ಅಜ್ಜ ಅಂಗಡಿ ಇಟ್ಟ ಚರಿತ್ರೆ ಆಮೇಲೆ ಬಂದರಾಯಿತು. ಎರಡು ಬೀಗ ಕಂಡ ಓದುಗ ತಾನಾಗಿಯೇ ಅದನ್ನು ಕೇಳುತ್ತಾನೆ.

ಕಸುಬಿನ ಲೆಕ್ಕ ಗೊತ್ತಿರಲಿ

"ಅವನೊಬ್ಬ ಬಡ ರೈತ" ಎಂದು ಬರೆದರೆ ಯಾರ ಕಣ್ಣಿಗೂ ಏನೂ ಕಾಣದು. ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆ ಎಷ್ಟು ಮೂಟೆ ಸಾಲಕ್ಕೆ ತಂದ, ಅಂಗಮಾರಿ ಬಿದ್ದಾಗ ಗಿಡ ಎಷ್ಟು ದಿನದ್ದಾಗಿತ್ತು, ಮಂಡಿಯವರ ಕಣ್ಣಿಗೆ ಬೀಳದಂತೆ ಯಾವ ರಸ್ತೆ ಹಿಡಿದು ಮನೆಗೆ ಹೋದ, ಇಷ್ಟು ಬಂದರೆ ಬಡತನ ಅನ್ನುವ ಪದವೇ ಬೇಡ. ಸಕಲೇಶಪುರದ ತೋಟದ ಕಥೆ ಬರೆಯುವವರಿಗೆ ಹೂಮಳೆ ತಡವಾದರೆ ಆ ವರ್ಷದ ಫಸಲಿನ ಗತಿ ಏನೆಂದು ತಿಳಿದಿರಬೇಕು.

ಭೈರಪ್ಪನವರ 'ಗೃಹಭಂಗ' ಬಂದದ್ದು 1970ರಲ್ಲಿ. ಅದರ ನಂಜಮ್ಮ ಬರೀ ಕಣ್ಣೀರು ಹಾಕುವ ಹೆಂಗಸಲ್ಲ. ಕೈಲಾಗದ ಗಂಡನ ಶಾನುಭೋಗಿಕೆ ಲೆಕ್ಕವನ್ನು ತಾನೇ ಬರೆಯುವವಳು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವವಳು. ಅದಕ್ಕೇ ಇಂದಿಗೂ ಓದುಗರ ನೆನಪಿನಲ್ಲಿ ನಿಂತಿದ್ದಾಳೆ. 1979ರ 'ಪರ್ವ'ಕ್ಕಾಗಿ ಹಿಮಾಲಯದ ಕಡೆಯ ಹಳ್ಳಿಗಳಿಗೆ ಹೋಗಿ, ಒಬ್ಬಳಿಗೆ ಹಲವು ಗಂಡಂದಿರಿರುವ ಪದ್ಧತಿಯನ್ನು ಅಲ್ಲೇ ವಿಚಾರಿಸಿ ಬಂದವರು ಅವರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಭೈರಪ್ಪನವರಿಂದ ಹೊಸಬರು ಕಲಿಯಬೇಕಾದ ಮೊದಲ ಪಾಠ ಇದೇ. ಹಿಮಾಲಯಕ್ಕೆ ಹೋಗಲಾಗದವರು ಬೆಳಗ್ಗೆ ಎಪಿಎಂಸಿ ಯಾರ್ಡಿಗಾದರೂ ಹೋಗಿ ಬರಬಹುದಲ್ಲ!

ಹೇಳುವವರು ಯಾರು?

ರಾಜಾರಾಯರ 'ಕಾಂತಾಪುರ' ಇಂಗ್ಲಿಷಿನಲ್ಲಿ 1938ರಲ್ಲಿ ಅಚ್ಚಾಯಿತು. ಒಂದು ಹಳ್ಳಿಗೆ ಗಾಂಧಿ ಚಳವಳಿ ಬಂದ ಕಥೆ. ಅದನ್ನು ಹೇಳುವವಳು ಊರಿನ ಒಬ್ಬ ಮುದುಕಿ. ಭಾಷೆ ಇಂಗ್ಲಿಷಾದರೂ ಓಟವೆಲ್ಲಾ ಜಗಲಿ ಮೇಲೆ ಕೂತು ಉಸಿರು ಬಿಡದೆ ಕಥೆ ಹೇಳುವ ಅಜ್ಜಿಯದು.

ಪೆನ್ನು ಹಿಡಿಯುವ ಮುಂಚೆ ಕಥೆ ಯಾರ ಬಾಯಿಂದ ಬರುತ್ತದೆ ಎಂದು ತೀರ್ಮಾನವಾಗಬೇಕು. ಅತ್ತಿಗೆ ಹೇಳುವ ಕಥೆಯಾದರೆ ಅತ್ತಿಗೆ ಕಂಡದ್ದು, ಕೇಳಿದ್ದು ಮಾತ್ರ ಬರಬೇಕು. ಅಡುಗೆಮನೆಯಲ್ಲಿದ್ದವಳಿಗೆ ಪೊಲೀಸ್ ಠಾಣೆಯೊಳಗಿನ ಮಾತು ಕೇಳಿಸಿದ್ದು ಹೇಗೆ ಎಂದು ಓದುಗನಿಗೆ ಅನುಮಾನ ಬಂತೋ, ಕಥೆ ಅಲ್ಲಿಗೆ ಕೆಟ್ಟಿತು.

ಮಾತೂ ಹಾಗೆಯೇ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ನಷ್ಟವಾದಾಗ "ನನ್ನ ಹೃದಯ ವೇದನೆಯಿಂದ ತುಂಬಿದೆ" ಎನ್ನುವುದಿಲ್ಲ. "ಬಿಡಪ್ಪ, ಮುಗೀತು" ಅಂತಾನೆ, ತಕ್ಕಡಿ ಎತ್ತಿಡ್ತಾನೆ. ಗೊರೂರರು ಹಳ್ಳಿಯ ಸಣ್ಣಪುಟ್ಟ ಜನರನ್ನು ಅವರವರ ಮಾತು, ತಮಾಷೆ ಸಮೇತ ಪುಟಕ್ಕೆ ತಂದವರು. ಬರೆದ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ನೋಡಬೇಕು. ನಾಲಿಗೆ ತೊಡರಿದ ಕಡೆ ಗೆರೆ ಎಳೆಯಬೇಕು.

ಕತ್ತರಿ ಕೈಲಿರಲಿ

ಬರೆದು ಮುಗಿದ ಮೇಲೆ ಹಸ್ತಪ್ರತಿಯನ್ನು ಒಂದು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕುವುದು ಒಳ್ಳೆಯದು. ಆಮೇಲೆ ತೆಗೆದು ಓದಿದರೆ ಬೇರೆಯವರು ಬರೆದ ಹಾಗೆ ಕಾಣುತ್ತದೆ, ತಪ್ಪು ತಾನಾಗಿ ಎದ್ದು ನಿಲ್ಲುತ್ತದೆ. ಎರಡನೇ ಅಧ್ಯಾಯದ ಶಾರದ ಒಂಬತ್ತರಲ್ಲಿ ಶಾಂತ ಆಗಿರುತ್ತಾಳೆ. ಒಂದೇ ಅಳು ನಾಲ್ಕು ಕಡೆ ಇರುತ್ತದೆ. ಕೊನೆಗೆ ದಾರಿ ಕಾಣದೆ ಖಳನಾಯಕನ ಮೇಲೆ ಲಾರಿ ಹತ್ತಿಸಿರುತ್ತದೆ. ಲಾರಿಯನ್ನು ವಾಪಸ್ ಕಳಿಸಿ, ಆತ ಮಾಡಿದ ಕೆಲಸದಿಂದಲೇ ಆತ ಕೆಡುವ ದಾರಿ ಹುಡುಕಬೇಕು.

ನಂತರ ಮೂರು ಜನರಿಗೆ ಓದಲು ಕೊಡಬೇಕು. ನೆಂಟರಿಗಲ್ಲ! ಲೈಬ್ರರಿಗೆ ದಿನಾ ಬರುವವರು, ಅಂಗಡಿಗೆ ಬರುವ ಓದುವ ಚಟದ ಗಿರಾಕಿ, ಇಂಥವರಿಗೆ. "ಹೇಗಿದೆ?" ಎಂದು ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅಂತಾರೆ. ಅದರಿಂದ ಕಾಸಿನ ಉಪಯೋಗವಿಲ್ಲ. "ಎಲ್ಲಿ ನಿದ್ದೆ ಬಂತು? ಯಾವ ಪುಟದಲ್ಲಿ ಎದ್ದು ಕಾಫಿಗೆ ಹೋದ್ರಿ?" ಎಂದು ಕೇಳಬೇಕು. ಇಬ್ಬರು ಒಂದೇ ಪುಟಕ್ಕೆ ಬೆರಳಿಟ್ಟರೆ ವಾದ ಬೇಡ, ಆ ಪುಟ ಮತ್ತೆ ಬರೆಯಬೇಕು.

ಅವಸರದವರು ಬಾನು ಮುಷ್ತಾಕ್ ಅವರ ಲೆಕ್ಕ ನೋಡಲಿ. ಬೂಕರ್ ತಂದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿರುವುದು 12 ಕಥೆ. ಅವು ಬರೆದದ್ದು 1990ರಿಂದ 2023ರ ನಡುವೆ. ಅವರು ಬರೆದ ರಾಶಿಯಿಂದ ಅವನ್ನು ಆರಿಸಿ ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. 33 ವರ್ಷದ ಬರಹದಿಂದ 12 ಕಥೆ! ಇಲ್ಲಿ ಮೂರು ತಿಂಗಳಿಗೆ ಮುನ್ನೂರು ಪುಟ ಬರೆದು ಒಂದು ಸಾಲೂ ಬಿಡಲಾರೆ ಎನ್ನುವವರಿದ್ದಾರೆ.

ಇನ್ನು ದುಡ್ಡಿನ ಮಾತು. ಈಗ ನೂರು ಪ್ರತಿ ಮಾತ್ರ ಹಾಕಿಕೊಡುವ ಪ್ರೆಸ್ಸುಗಳೂ ಇವೆ. ಸಾವಿರದ ಹಟ ಯಾಕೆ? ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತಾ ಬಂದಿದೆ, ವಿಚಾರಿಸಬಹುದು. ಮೊದಲ ನೂರು ಪ್ರತಿ ಕೈಯಿಂದ ಕೈಗೆ ಹೋಗಿ, ಗುರುತಿಲ್ಲದವರು ಬಂದು ಇನ್ನೊಂದು ಇದೆಯಾ ಎಂದು ಕೇಳಿದರೆ ಆಗ ಧೈರ್ಯವಾಗಿ ಸಾವಿರ ಹಾಕಿಸಲಿ. ಅಲ್ಲಿಯವರೆಗೆ ಮಗಳ ಮದುವೆ ದುಡ್ಡು ಬ್ಯಾಂಕಿನಲ್ಲೇ ಇರಲಿ.