ಒಂದೇ ಪರದೆಯಲ್ಲಿ ಲೆಕ್ಕವೂ ಗ್ರಾಫೂ

ಕೆಜಿಎಫ್‌ಗೆ ಕರೆಂಟ್ ಬಂದಿದ್ದು 1902ರಲ್ಲಿ. ಕಾವೇರಿ ತೀರದ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ ಸುಮಾರು 147 ಕಿ.ಮೀ. ದೂರ ತಂತಿಯಲ್ಲಿ ಹರಿದು ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. ಇದನ್ನು ನಮ್ಮೂರಿನ ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಎಂಜಿನಿಯರಿಂಗ್ ಓದುವ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಅಷ್ಟು ದೂರ ಬರುವಾಗ ತಂತಿಯಲ್ಲೇ ಎಷ್ಟು ವಿದ್ಯುತ್ ನಷ್ಟವಾಗುತ್ತದೆ?

ಸೂತ್ರ ಸುಲಭ. ಕರೆಂಟಿನ ವರ್ಗವನ್ನು ತಂತಿಯ ರೋಧದಿಂದ ಗುಣಿಸಿದರೆ ನಷ್ಟ ಸಿಗುತ್ತದೆ. ಅದೇ ಪವರನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟ್ ಅರ್ಧವಾಗುತ್ತದೆ, ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಒಂದು ವೋಲ್ಟೇಜಿಗೆ ಲೆಕ್ಕ ಮಾಡಿದರೆ ಅಂಕ ಬರುತ್ತದೆ. ಆದರೆ ಕೆಲಸದಲ್ಲಿ 50 ವೋಲ್ಟೇಜ್, 10 ಬಗೆಯ ತಂತಿ ಹೋಲಿಸಿ ನೋಡಬೇಕಾದೀತು. ಅಂದರೆ 500 ಲೆಕ್ಕ!

ಇಲ್ಲಿ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಕ್ಯಾಲ್ಕುಲೇಟರಿನಲ್ಲಿ ಲೆಕ್ಕ, ಎಕ್ಸೆಲ್‌ನಲ್ಲಿ ಪಟ್ಟಿ, ಇನ್ನೆಲ್ಲೋ ಗ್ರಾಫ್. ಒಂದು ಅಂಕಿ ಬದಲಾದರೆ ಮತ್ತೆ ಮೊದಲಿನಿಂದ ಶುರು. ಮ್ಯಾಟ್‌ಲ್ಯಾಬ್, ಸೈಲ್ಯಾಬ್, ಆಕ್ಟೇವ್‌ನಂಥ ತಂತ್ರಾಂಶಗಳು ಈ ಅಲೆದಾಟವನ್ನು ತಪ್ಪಿಸುತ್ತವೆ. ಒಂದು ಸಾಲಿನಲ್ಲಿ 50 ವೋಲ್ಟೇಜ್‌ಗಳ ಪಟ್ಟಿ, ಎರಡನೇ ಸಾಲಿನಲ್ಲಿ ಅಷ್ಟಕ್ಕೂ ನಷ್ಟ, ಮೂರನೇ ಸಾಲಿನಲ್ಲಿ ಗ್ರಾಫ್. ತಂತಿ ಬದಲಾದರೆ ರೋಧದ ಬೆಲೆಯೊಂದನ್ನು ತಿದ್ದಿ ಮತ್ತೆ ರನ್ ಮಾಡಿದರೆ ಸಾಕು.

ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ್ದು

ಅಮೆರಿಕದ ಪ್ರಾಧ್ಯಾಪಕ ಕ್ಲೀವ್ ಮೋಲರ್ 1970ರ ದಶಕದ ಕೊನೆಯಲ್ಲಿ ಮ್ಯಾಟ್‌ಲ್ಯಾಬ್ ಬರೆದಿದ್ದು, ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯುವ ಕಷ್ಟವಿಲ್ಲದೆ ಮ್ಯಾಟ್ರಿಕ್ಸ್ ಲೆಕ್ಕ ಮಾಡಲಿ ಎಂದು. ಅದನ್ನು ಮಾರುವ ಮ್ಯಾಥ್‌ವರ್ಕ್ಸ್ ಕಂಪನಿ ಶುರುವಾಗಿದ್ದು 1984ರಲ್ಲಿ. ಹೆಸರಲ್ಲೇ ಗುಟ್ಟಿದೆ: ಇಲ್ಲಿ ಮ್ಯಾಟ್ರಿಕ್ಸೇ ಮೂಲ. ಸಿ ಭಾಷೆಯಲ್ಲಿ ಲೂಪ್ ಮೇಲೆ ಲೂಪ್ ಬರೆಯಬೇಕಾದ ಕಡೆ ಇಲ್ಲಿ ಒಂದು ಗುಣಾಕಾರ ಚಿಹ್ನೆ ಸಾಕು.

ಇದು ಎಲೆಕ್ಟ್ರಿಕಲ್‌ನವರಿಗೆ ಮಾತ್ರ ಅಲ್ಲ. ಸಿವಿಲ್‌ನವರು ಟ್ರಸ್‌ನ ಒಂದೊಂದು ಸರಳಿನ ಮೇಲಿನ ಬಲ ತಿಳಿಯಲು ಹತ್ತಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬಹುದು. ಮೆಕ್ಯಾನಿಕಲ್‌ನವರು ಯಂತ್ರದ ಕಂಪನ ಲೆಕ್ಕ ಹಾಕಬಹುದು. 3 ಕಿ.ಮೀ.ಗೂ ಆಳಕ್ಕಿಳಿದ ನಮ್ಮ ಚಾಂಪಿಯನ್ ರೀಫ್ ಗಣಿಯಲ್ಲಿ ರಾಕ್ ಬರ್ಸ್ಟ್ ಅಂದರೆ ಕಾರ್ಮಿಕರ ಮನೆಗಳಲ್ಲಿ ನಡುಕ ಹುಟ್ಟುತ್ತಿತ್ತು. ಅಂಥ ಕಂಪನದ ಸಿಗ್ನಲ್‌ನಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಫೂರಿಯರ್ ಲೆಕ್ಕ ಎಲೆಕ್ಟ್ರಾನಿಕ್ಸ್‌ನವರಿಗೆ ಇಲ್ಲಿ ಒಂದೇ ಆಜ್ಞೆಯಲ್ಲಿ ಸಿಗುತ್ತದೆ. ನಾಲ್ಕು ಬ್ರಾಂಚಿನ ಗೆಳೆಯರು ಒಂದು ಪ್ರಾಜೆಕ್ಟ್ ಮಾಡಿದರೂ ಒಬ್ಬರ ಫೈಲ್ ಇನ್ನೊಬ್ಬರಿಗೆ ಅರ್ಥವಾಗುತ್ತದೆ.

ದುಡ್ಡು ಬೇಕೇ?

ಮ್ಯಾಟ್‌ಲ್ಯಾಬ್‌ಗೆ ಲೈಸೆನ್ಸ್ ಬೇಕು. ಮಾರಿಕುಪ್ಪಂ, ಬಂಗಾರಪೇಟೆಯಿಂದ ರೈಲು ಹತ್ತಿ ಓಡಾಡುವ ನಮ್ಮಲ್ಲಿ ಎಲ್ಲರಿಗೂ ಬೆಂಗಳೂರಿನ ದುಬಾರಿ ಕೋರ್ಸ್ ಸೇರಲು ಆಗದು. ಚಿಂತೆ ಬೇಡ. ಫ್ರಾನ್ಸ್‌ನಲ್ಲಿ ಹುಟ್ಟಿದ ಸೈಲ್ಯಾಬ್, ಗ್ನೂ ಆಕ್ಟೇವ್ ಎರಡೂ ಉಚಿತ. ಮ್ಯಾಟ್‌ಲ್ಯಾಬ್‌ಗೆ ಬರೆದ ಸಾಮಾನ್ಯ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಆಕ್ಟೇವ್‌ನಲ್ಲೂ ಓಡುತ್ತವೆ. ಪೈಥಾನ್ ಬಲ್ಲವರಿಗೆ ನಮ್‌ಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್ ಸೇರಿ ಇದೇ ಕೆಲಸ ಮಾಡುತ್ತವೆ. ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಿದೆ. ಅದರ ಪಾಠಗಳು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಯದೇ ಫಾಸೀ ಯೋಜನೆಯಲ್ಲಿ ದೇಶದ ವಿದ್ಯಾರ್ಥಿಗಳು ಪಠ್ಯಪುಸ್ತಕಗಳ ಲೆಕ್ಕಗಳನ್ನು ಸೈಲ್ಯಾಬ್‌ನಲ್ಲಿ ಬಿಡಿಸಿ ಎಲ್ಲರಿಗೂ ಸಿಗುವಂತೆ ಮಾಡಿದ್ದಾರೆ. ನಿಮ್ಮ ಸಿಲಬಸ್ಸಿನ ಪುಸ್ತಕವೂ ಅಲ್ಲಿರಬಹುದು, ಹುಡುಕಿ ನೋಡಿ.

ಒಂದು ಎಚ್ಚರಿಕೆ

ತಂತ್ರಾಂಶ ಲೆಕ್ಕ ಮಾಡುತ್ತದೆ, ಯೋಚನೆ ಮಾಡುವುದಿಲ್ಲ. ವೋಲ್ಟ್ ಕೊಡಬೇಕಾದಲ್ಲಿ ಕಿಲೋವೋಲ್ಟ್ ಅಂಕಿ ಕೊಟ್ಟರೆ ನಷ್ಟ 10 ಲಕ್ಷ ಪಟ್ಟು ಹೆಚ್ಚು ಎಂದು ತೋರಿಸುತ್ತದೆ. ಗ್ರಾಫ್ ಮಾತ್ರ ಅಷ್ಟೇ ಚೆನ್ನಾಗಿ ಬರುತ್ತದೆ! ಆದ್ದರಿಂದ ಮೊದಲು ಒಂದು ಲೆಕ್ಕವನ್ನು ಕೈಯಲ್ಲೇ ಮಾಡಿ ಉತ್ತರ ತಾಳೆ ನೋಡುವುದು ಒಳ್ಳೆಯದು.

ರೆಸ್ಯೂಮೆಯಲ್ಲಿ ‘ಮ್ಯಾಟ್‌ಲ್ಯಾಬ್ ಗೊತ್ತು’ ಎಂದು ಬರೆದರೆ ಸಂದರ್ಶಕರ ಮುಂದಿನ ಪ್ರಶ್ನೆ, ‘ಅದರಲ್ಲಿ ಏನು ಮಾಡಿದ್ದೀರಿ?’ ಎಂದೇ ಇರುತ್ತದೆ. ಅದಕ್ಕೆ ಉತ್ತರ ನಿಮ್ಮ ಬಳಿ ಇರಬೇಕು. ಊರಿನ ಕೆರೆಯ ನೀರು, ಮನೆಯ ಕರೆಂಟ್ ಬಿಲ್, ಬಸ್ಸಿನ ಡೀಸೆಲ್ ಹೀಗೆ ಯಾವುದಾದರೂ ಒಂದನ್ನು ಹಿಡಿದು, ಲೆಕ್ಕದಿಂದ ಗ್ರಾಫ್‌ವರೆಗೆ ನೀವೇ ಮಾಡಿ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಅಂಥ ಒಂದು ಫೈಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರಲಿ.