ಮಚ್ಚೆ ಮತ್ತು ವೈದ್ಯರ ಖಾತ್ರಿ

ಚರ್ಮದ ಮೇಲಿನ ಮಚ್ಚೆಯನ್ನು ಕಂಡ ಕೆಲವೇ ಕ್ಷಣಗಳಲ್ಲಿ ವೈದ್ಯರಿಗೆ ರೋಗದ ಹೆಸರು ಹೊಳೆಯುತ್ತದೆ, ಜೊತೆಗೇ ‘ಇದು ಅದೇ’ ಎಂಬ ಖಾತ್ರಿಯೂ ಹುಟ್ಟುತ್ತದೆ. ಖಾತ್ರಿ ಹೆಚ್ಚಿದಷ್ಟೂ ಹೆಸರು ಸರಿಯಿರುತ್ತದೆ ಎಂದು ರೋಗಿ ನಂಬುತ್ತಾನೆ, ಬಹಳ ಸಲ ವೈದ್ಯರೂ ನಂಬುತ್ತಾರೆ.

2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನು ಅಳೆದು ನೋಡಿತು. ಅದು ಚರ್ಮರೋಗಕ್ಕಷ್ಟೇ ಸೇರಿದ್ದಲ್ಲ. 118 ವೈದ್ಯರಿಗೆ ಕೊಟ್ಟ ರೋಗವಿವರಗಳಲ್ಲಿ ಸುಲಭದವನ್ನು ಶೇ 55ರಷ್ಟು ಸರಿಯಾಗಿ ಗುರುತಿಸಲಾಯಿತು; ಕಷ್ಟದವನ್ನು ಶೇ 6ಕ್ಕೂ ಕಡಿಮೆ. ಖಾತ್ರಿ ಮಾತ್ರ ಹತ್ತಕ್ಕೆ 7.2ರಿಂದ 6.4ಕ್ಕಷ್ಟೇ ಇಳಿದಿತ್ತು. ಖಾತ್ರಿ ಹೆಚ್ಚಿದ್ದಾಗ ಹೆಚ್ಚಿನ ಪರೀಕ್ಷೆ ಕೇಳುವುದೂ ಕಡಿಮೆಯಾಗಿತ್ತು. ನಿಜವಾದ ಅಪಾಯ ಇಲ್ಲಿದೆ.

ಚರ್ಮದ ಬಣ್ಣ ಈ ತೊಡಕನ್ನು ಹೆಚ್ಚಿಸುತ್ತದೆ. ಪಠ್ಯಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿ ಚರ್ಮದವು. ಅಲ್ಲಿ ಕೆಂಪಾಗಿ ಕಾಣುವ ಹುಳುಕಡ್ಡಿ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ರೈತನ ಮೈಮೇಲೆ ಕಂದು ಅಥವಾ ಕಪ್ಪಾಗಿ ಕಾಣುತ್ತದೆ. ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮನ್ನು ಹಚ್ಚಿದ್ದರಂತೂ ಅದರ ಉಂಗುರದ ಆಕಾರವೇ ಅಳಿಸಿಹೋಗಿರುತ್ತದೆ. 2024ರಲ್ಲಿ ಪ್ರಕಟವಾದ, 39 ದೇಶಗಳ ವೈದ್ಯರು ಪಾಲ್ಗೊಂಡ ಅಧ್ಯಯನದಲ್ಲಿ ಬರೀ ಚಿತ್ರ ನೋಡಿ ಸರಿಯಾದ ಹೆಸರು ಹೇಳಿದ ಪ್ರಮಾಣ ಚರ್ಮತಜ್ಞರಲ್ಲಿ ಶೇ 38, ಸಾಮಾನ್ಯ ವೈದ್ಯರಲ್ಲಿ ಶೇ 19. ಕಪ್ಪು ಚರ್ಮದ ಚಿತ್ರಗಳಲ್ಲಿ ಅದು ಇನ್ನೂ ಕಡಿಮೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ತಪ್ಪಿಗೆ ಅತಿ ಹೆಚ್ಚು ಬೆಲೆ ತೆರಬೇಕಾಗಿ ಬರುವುದು ಕುಷ್ಠದಲ್ಲಿ. ಬಣ್ಣ ಮಸುಕಾದ ಮಚ್ಚೆ ಸಿಬ್ಬು ಇರಬಹುದು, ತೊನ್ನಿನ ಆರಂಭವಿರಬಹುದು, ಕುಷ್ಠವೂ ಇರಬಹುದು. ಆದರೆ ಇಲ್ಲಿ ಕಣ್ಣಿನ ಖಾತ್ರಿಯನ್ನು ಪರೀಕ್ಷಿಸುವ ಉಪಾಯ ತೀರಾ ಸರಳ. ರೋಗಿ ಕಣ್ಣು ಮುಚ್ಚಿಕೊಂಡಿರುವಾಗ ಹತ್ತಿಯ ಎಳೆಯಿಂದಲೋ ಬಾಲ್‌ಪೆನ್ನಿನ ತುದಿಯಿಂದಲೋ ಮಚ್ಚೆಯನ್ನು ಮುಟ್ಟಿ, ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳುವುದು; ಮೊಣಕೈ, ಮೊಣಕಾಲಿನ ಬಳಿಯ ನರ ದಪ್ಪಗಾಗಿದೆಯೇ ಎಂದು ಸವರಿ ನೋಡುವುದು. ಮುಖದ ಮೇಲಿನ ಮಚ್ಚೆಯಲ್ಲಿ ಕುಷ್ಠವಿದ್ದರೂ ಸ್ಪರ್ಶ ಉಳಿದಿರಬಹುದು, ಅಲ್ಲಿ ಚರ್ಮದ ಸ್ರಾವದ ಪರೀಕ್ಷೆಯೋ ಬಯಾಪ್ಸಿಯೋ ಬೇಕಾದೀತು. ಭಾರತ 2005ರಲ್ಲೇ ಕುಷ್ಠ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಘೋಷಿಸಿತು. ಹಾಗೆಂದು ರೋಗ ಹೋಗಿಲ್ಲ. ಅಪರೂಪವಾದಷ್ಟೂ ಅದು ವೈದ್ಯರ ಮನಸ್ಸಿಗೆ ಹೊಳೆಯುವುದು ಕಡಿಮೆ. ಔಷಧಿ ಉಚಿತವಾಗಿ ಸಿಗುತ್ತದೆ, ರೋಗ ಗುಣವಾಗುತ್ತದೆ, ಆದರೆ ತಡವಾದರೆ ಸತ್ತ ನರ ಮರಳುವುದಿಲ್ಲ.

ಅನುಭವದಿಂದ ಖಾತ್ರಿ ಬೆಳೆಯುತ್ತದೆ. ನಿಖರತೆ ಬೆಳೆಯಬೇಕಾದರೆ ತಮ್ಮ ಊಹೆ ಏನಾಯಿತೆಂದು ವೈದ್ಯರಿಗೆ ತಿಳಿಯಬೇಕು. ಅರಸೀಕೆರೆಯಿಂದ ದಾವಣಗೆರೆಗೋ ಬಳ್ಳಾರಿಗೋ ಕಳಿಸಿದ ರೋಗಿಯ ವರದಿ ಕಳಿಸಿದವರಿಗೆ ಮರಳದಿದ್ದರೆ, ಅವರ ಮುಂದಿನ ಊಹೆಯೂ ಹಿಂದಿನಷ್ಟೇ ಗಟ್ಟಿಯಾಗಿ, ಹಿಂದಿನಷ್ಟೇ ತಪ್ಪಾಗಿ ಉಳಿಯುತ್ತದೆ. ಬಯಾಪ್ಸಿ ವರದಿಯ ಒಂದು ಪ್ರತಿ ಹಳ್ಳಿಯ ವೈದ್ಯರಿಗೆ ಹೋಗುವುದು ಯಾವ ತರಬೇತಿಗೂ ಕಡಿಮೆಯಲ್ಲ.

ಯಂತ್ರದ ನೆರವೂ ಈ ಹೊಣೆಯನ್ನು ಇಳಿಸುವುದಿಲ್ಲ. 2020ರ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಕೃತಕ ಬುದ್ಧಿಮತ್ತೆಯ ಸಲಹೆಯಿಂದ ಅನುಭವ ಕಡಿಮೆಯಿದ್ದ ವೈದ್ಯರಿಗೆ ಹೆಚ್ಚು ಲಾಭವಾಯಿತು, ಆದರೆ ಸಲಹೆಯೇ ತಪ್ಪಿದ್ದಾಗ ಪರಿಣತರೂ ದಾರಿ ತಪ್ಪಿದರು. ಇ-ಸಂಜೀವಿನಿಯಂಥ ದೂರಚಿಕಿತ್ಸೆಯಲ್ಲಿ ತಜ್ಞರು ಮಚ್ಚೆಯನ್ನು ಪರದೆಯ ಮೇಲೆ ನೋಡಬಹುದೇ ಹೊರತು ಮುಟ್ಟಲಾಗದು. ಸ್ಪರ್ಶ ಇದೆಯೋ ಇಲ್ಲವೋ ಎಂಬುದನ್ನು ರೋಗಿಯ ಪಕ್ಕದಲ್ಲಿರುವವರೇ ಮುಟ್ಟಿ ನೋಡಿ ಬರೆದು ತಿಳಿಸಬೇಕು.